ಚಿಕ್ಕಿ ಗುಂಪು ಕಟ್ಟಿತೇ, ಪಟ್ಟೆ ಬಿತ್ತೇ? ರ‍್ಯಾಂಡಮ್ ಡಿಸೈನಿನ ದೋಷ ಹುಡುಕುವ ಬಗೆ

ಬನಹಟ್ಟಿಯಲ್ಲಿ ನಮ್ಮ ಮಗ್ಗದ ಶೆಡ್ಡಿಗೆ ಹತ್ತಿಕೊಂಡು ಒಂದು ಸಣ್ಣ ಖೋಲಿ ಇದೆ. ಅಲ್ಲಿ ಕೂತು ನಾನು ಎಲೆಕ್ಟ್ರಾನಿಕ್ ಜಕಾರ್ಡಿಗೆ, ಅಂದರೆ ಬೇಕಾದ ಎಳೆ ಎತ್ತಿ ಡಿಸೈನ್ ಮೂಡಿಸುವ ಮಗ್ಗದ ಸಾಧನಕ್ಕೆ, ಗ್ರಾಫ್ (ಮನೆ ಮನೆಯಾಗಿ ಬಿಡಿಸಿದ ಡಿಸೈನ್) ತೆಗೆಯುತ್ತೇನೆ. ಸೀರೆಯ ಒಡಲಿನ ತುಂಬ ಚಿಕ್ಕಿ (ಚುಕ್ಕಿಯಂಥ ಸಣ್ಣ ಚಿತ್ತಾರ) ಚೆಲ್ಲುವ ಕೆಲಸವನ್ನು ನಾಲ್ಕು ವರ್ಷದಿಂದ ಕಂಪ್ಯೂಟರಿಗೇ ಬಿಟ್ಟಿದ್ದೇನೆ. ಚಿಕ್ಕಿ ಎಲ್ಲಿ ಕೂರಬೇಕು, ಎಷ್ಟು ದೊಡ್ಡದಿರಬೇಕು, ಯಾವ ಬಣ್ಣ, ಇದನ್ನೆಲ್ಲ ಅದೇ ರ‍್ಯಾಂಡಮ್ ಆಗಿ ಆರಿಸುತ್ತದೆ. ಒಂದರಂತೆ ಇನ್ನೊಂದಿಲ್ಲದ ಸೀರೆ ಎಂದು ಗಿರಾಕಿಗೆ ಹೇಳಲು ಚಂದ.

ಆದರೆ ಒಂದು ದೀಪಾವಳಿ ಮುಂದೆ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. "ಆ ನೀಲಿ ಒಡಲಿಂದು ಇನ್ನ 20 ಬೇಕ್ರಿ. ಚಿಕ್ಕಿ ಅದ ಇರಬೇಕ್ ಮತ್ತ." ಪ್ರೋಗ್ರಾಮ್ ಇತ್ತು, ಬಣ್ಣದ ಲೆಕ್ಕ ಇತ್ತು, ಚಿತ್ರ ಮಾತ್ರ ಇರಲಿಲ್ಲ. ಅದರ ಮೇಲೆ ಬೇರೆ ಚಿತ್ರ ಸೇವ್ ಆಗಿ ಹೋಗಿತ್ತು. ಇನ್ನೂರು ಸಲ ಓಡಿಸಿದೆ, ಇನ್ನೂರು ಬೇರೆ ಬೇರೆ ಚಿತ್ರ ಬಂದವು. ಆರ್ಡರ್ ಹೋಯಿತು. ಅಂದಿನಿಂದ ಯಾವ ದೋಷ ಕಂಡರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ನೀವು ಸೀರೆಗೆ ಮಾಡದೆ ಗೋಡೆಯ ಚಿತ್ರಕ್ಕೋ ರಂಗೋಲಿಗೋ ಮಾಡುತ್ತಿದ್ದರೂ ದೋಷಗಳು ಇವೇ.

ಮೊದಲು ಬೀಜ ಕಟ್ಟಿಹಾಕಿ

ಕಂಪ್ಯೂಟರಿನ ಹತ್ತಿರ ಕವಡೆ ಇಲ್ಲ. ರ‍್ಯಾಂಡಮ್ ಎಂದು ಅದು ಕೊಡುವುದೆಲ್ಲ ಲೆಕ್ಕ. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಿ. 4127ನ್ನು ಅದರಿಂದಲೇ ಗುಣಿಸಿದರೆ 17032129. ನಡುವಿನ ನಾಲ್ಕು ಅಂಕಿ 0321. ಅದನ್ನು ಅದರಿಂದಲೇ ಗುಣಿಸಿ ಎಂಟು ಅಂಕಿಯಾಗಿ ಬರೆದರೆ 00103041, ನಡುವೆ 1030. ಮುಂದಿನದು 0609, ಅದರ ಮುಂದಿನದು 3708. ನೋಡಿದವರಿಗೆ ಹಿಂದುಮುಂದಿಲ್ಲದ ಸಂಖ್ಯೆ. ಆದರೆ 4127ರಿಂದ ಹೊರಟವರು ಬನಹಟ್ಟಿಯವರಿರಲಿ ಬರ್ಲಿನ್‌ನವರಿರಲಿ, ಅವರಿಗೆ ಸಿಗುವುದು ಇದೇ ಸಾಲು. 1940ರ ದಶಕದಲ್ಲಿ ಜಾನ್ ಫಾನ್ ನಾಯ್ಮನ್ ಬಳಸಿದ ವಿಧಾನ ಇದು. ಇದರ ಹುಳುಕೂ ಕ್ಯಾಲ್ಕುಲೇಟರಿನಲ್ಲೇ ಸಿಗುತ್ತದೆ: 2500ರಿಂದ ಹೊರಟರೆ 06250000, ನಡುವೆ ಮತ್ತೆ 2500. ಗಾಣದ ಎತ್ತಿನಂತೆ ಅಲ್ಲೇ ಸುತ್ತುತ್ತದೆ.

ಈಗಿನ ವಿಧಾನಗಳು ಇಷ್ಟು ಬಡವಾಗಿಲ್ಲ. ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆ ಬಳಸುವ ಮರ್ಸೆನ್ ಟ್ವಿಸ್ಟರ್ ಅನ್ನು ಜಪಾನಿನ ಮಾಕೊಟೊ ಮಾತ್ಸುಮೊಟೊ, ತಾಕುಜಿ ನಿಶಿಮುರಾ 1998ರಲ್ಲಿ ಪ್ರಕಟಿಸಿದರು. ಅದರ ಸಾಲು ಮತ್ತೆ ಮೊದಲಿಗೆ ಬರಬೇಕಾದರೆ 2ರ 19937ನೇ ಘಾತಕ್ಕೆ ಒಂದು ಕಡಿಮೆ ಹೆಜ್ಜೆ ಬೇಕು. ಆದರೂ ಜಾತಿ ಅದೇ: ಹೊರಡುವ ಸಂಖ್ಯೆ ಒಂದಾದರೆ ಸಾಲೂ ಒಂದೇ. ಆ ಹೊರಡುವ ಸಂಖ್ಯೆಗೆ ಸೀಡ್, ಅಂದರೆ ಬೀಜ ಎನ್ನುತ್ತಾರೆ.

ಬೀಜ ಕಟ್ಟದೆ ದೋಷ ಹುಡುಕಲು ಕೂತರೆ ಹೊತ್ತು ಹೋಗುವುದಷ್ಟೇ. ಒಂದು ಕಡೆ ತಿದ್ದುತ್ತೀರಿ, ಚಿತ್ರ ಬದಲಾಗುತ್ತದೆ. ತಿದ್ದಿದ್ದಕ್ಕೆ ಬದಲಾಯಿತೋ ತಾನೇ ಬದಲಾಯಿತೋ ತಿಳಿಯುವುದಿಲ್ಲ. ಅದಕ್ಕೇ ನಾನು ಮೊದಲು ಮಾಡುವುದು ಇದು. ಅದೇ ಬೀಜವನ್ನು ಎರಡು ಸಲ ಓಡಿಸುತ್ತೇನೆ. ಎರಡು ಚಿತ್ರ ಬೇರೆಯಾದರೆ, ಬೀಜಕ್ಕೆ ಕಟ್ಟುಬೀಳದ ರ‍್ಯಾಂಡಮ್ ಎಲ್ಲಿಂದಲೋ ಸೋರುತ್ತಿದೆ. ಎರಡೂ ಒಂದೇ ಆದರೆ ಬೀಜ ಬದಲಿಸುತ್ತೇನೆ. ದೋಷ ಇದ್ದ ಜಾಗದಲ್ಲೇ ಕೂತಿದ್ದರೆ ಅದು ರ‍್ಯಾಂಡಮ್‌ನ ದೋಷವಲ್ಲ, ನನ್ನ ಲೆಕ್ಕದ್ದು, ಇಲ್ಲವೇ ಮಗ್ಗದ್ದು. ಬೀಜದ ಜೊತೆ ದೋಷವೂ ಜಾಗ ಬದಲಿಸಿದರೆ ಸಂಖ್ಯೆಯ ಹಂಚಿಕೆ ನೋಡಬೇಕು. ಅರ್ಧ ದೋಷ ಎಲ್ಲಿದೆ ಎಂಬುದು ಇಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಬೀಜವನ್ನು ಫೈಲಿನ ಹೆಸರಿನಲ್ಲೇ ಸೇರಿಸಿ. ಬೇರೆ ಕಡೆ ಬರೆದಿಟ್ಟದ್ದು ಬೇಕಾದಾಗ ಸಿಗುವುದಿಲ್ಲ, ಅನುಭವದ ಮಾತು.

ಎಷ್ಟು ಸಲ ಓಡಿಸಿದರೂ ಒಂದೇ ಚಿತ್ರ

ಪರೀಕ್ಷೆಗೆಂದು ಕಟ್ಟಿದ ಬೀಜವನ್ನು ಬಿಚ್ಚಲು ಮರೆತಿರುತ್ತೀರಿ. ಹತ್ತರಲ್ಲಿ ಏಳು ಸಲ ಇಷ್ಟೇ.

ಉಳಿದ ಮೂರರಲ್ಲಿ ಗಡಿಯಾರದ ಕಿತಾಪತಿ ಇರುತ್ತದೆ. ಈಗಿನ ಸಮಯವನ್ನೇ ಬೀಜ ಮಾಡುವ ರೂಢಿ ಹಳೆಯದು, ತಪ್ಪೂ ಅಲ್ಲ. ಆದರೆ ಸಮಯವನ್ನು ಸೆಕೆಂಡಿನಲ್ಲಿ ಎಣಿಸಿದರೆ ಒಂದು ಸೆಕೆಂಡಿನೊಳಗೆ ಹುಟ್ಟಿದ ಚಿತ್ರಗಳಿಗೆಲ್ಲ ಬೀಜ ಒಂದೇ. ಒಮ್ಮೆ ರಾತ್ರಿ 40 ಚಿತ್ರ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ 40 ಫೈಲ್, ಮೂರೇ ಚಿತ್ರ. ಕೆಲಸ ಮೂರು ಸೆಕೆಂಡಿನಲ್ಲಿ ಮುಗಿದಿತ್ತು, ನಾನು ಎಂಟು ತಾಸು ಮಲಗಿದ್ದೆ. ಬೀಜ ಬಿತ್ತುವ ಸಾಲನ್ನು ಪ್ರತಿ ಚಿತ್ರಕ್ಕೂ ಮರಳಿ ಓಡುವ ಲೂಪಿನ ಒಳಗಿಂದ ತೆಗೆದು ಪ್ರೋಗ್ರಾಮಿನ ತಲೆಯಲ್ಲಿ ಒಮ್ಮೆ ಮಾತ್ರ ಇಟ್ಟೆ, ಸರಿಹೋಯಿತು.

ನಮ್‌ಪೈ (ಪೈಥಾನ್‌ನ ಲೆಕ್ಕದ ಲೈಬ್ರರಿ) ಬಳಸಿ ಕೆಲಸವನ್ನು ಒಟ್ಟಿಗೆ ಓಡುವ ನಾಲ್ಕು ಪ್ರೊಸೆಸ್‌ಗೆ ಹಂಚುವವರು ಇದನ್ನೂ ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ ಫೋರ್ಕ್ ಆದಾಗ, ಅಂದರೆ ಒಂದು ಪ್ರೊಸೆಸ್ ತನ್ನದೇ ನಕಲು ಹುಟ್ಟಿಸಿದಾಗ, ತಾಯಿ ಪ್ರೊಸೆಸ್‌ನ ರ‍್ಯಾಂಡಮ್ ಸ್ಥಿತಿ ಮಕ್ಕಳಿಗೆ ಹಾಗೇ ನಕಲಾಗುತ್ತದೆ. ನಾಲ್ಕೂ ಮಕ್ಕಳು ಒಂದೇ ಹಾಡು ಹಾಡುತ್ತವೆ. ಪ್ರತಿಯೊಂದಕ್ಕೂ ಬೇರೆ ಬೀಜ ಕೊಡಿ.

ಬೀಜ ಅದೇ, ಚಿತ್ರ ಬೇರೆ

ನನ್ನ ಹೊತ್ತು ಅತಿ ಹೆಚ್ಚು ತಿಂದ ದೋಷ ಇದು. ಕಾರಣ ಒಂದಲ್ಲ.

ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಪಿ5.ಜೆಎಸ್‌ನಲ್ಲಿ ರ‍್ಯಾಂಡಮ್‌ಗೆ ಒಂದು ಬೀಜ, ನಾಯ್ಸ್‌ಗೆ (ನಯವಾಗಿ ಏರಿಳಿಯುವ ಸಂಖ್ಯೆಗಳು, ಮುಂದೆ ಹೇಳುತ್ತೇನೆ) ಇನ್ನೊಂದು. ರ‍್ಯಾಂಡಮ್‌ಸೀಡ್ ಕಟ್ಟಿದರೆ ನಾಯ್ಸ್ ಕಟ್ಟುಬೀಳುವುದಿಲ್ಲ, ನಾಯ್ಸ್‌ಸೀಡ್ ಬೇರೆ ಕಟ್ಟಬೇಕು. ಜಾವಾಸ್ಕ್ರಿಪ್ಟಿನ ಮ್ಯಾತ್.ರ‍್ಯಾಂಡಮ್‌ಗಂತೂ ಬೀಜ ಹಾಕುವ ಬಾಯಿಯೇ ಇಲ್ಲ. ಎಲ್ಲಿಂದಲೋ ನಕಲು ಮಾಡಿ ತಂದ ನಾಲ್ಕು ಸಾಲಿನಲ್ಲಿ ಅದು ಒಂದು ಕಡೆ ಅಡಗಿದ್ದರೂ ಇಡೀ ಚಿತ್ರ ಕೈತಪ್ಪುತ್ತದೆ. ಪ್ರೋಗ್ರಾಮಿನಲ್ಲಿ ಆ ಹೆಸರು ಹುಡುಕಿ, ಒಂದೂ ಉಳಿಯದಂತೆ ಬದಲಿಸಿ.

ಆಮೇಲೆ ಪಾಳಿಯ ಗೊಂದಲ. ರ‍್ಯಾಂಡಮ್ ಸಂಖ್ಯೆಗಳು ರೇಷನ್ ಅಂಗಡಿಯ ಪಾಳಿಯಂತೆ ಒಂದರ ಹಿಂದೊಂದು ನಿಂತಿರುತ್ತವೆ. ಕರೆದವರಿಗೆ ಮುಂದಿನದು ಸಿಗುತ್ತದೆ. ನಾನು ಪ್ರತಿ ಚಿಕ್ಕಿಗೂ ಅಡ್ಡ, ಉದ್ದ, ಗಾತ್ರ ಎಂದು ಮೂರು ಸಂಖ್ಯೆ ತೆಗೆಯುತ್ತಿದ್ದೆ. ಒಂದು ದಿನ ಬಣ್ಣವೂ ಸ್ವಲ್ಪ ಹೆಚ್ಚುಕಡಿಮೆಯಾಗಲಿ ಎಂದು ನಾಲ್ಕನೆಯದು ತೆಗೆದೆ. ಮೊದಲ ಚಿಕ್ಕಿ ಮಾತ್ರ ಹಳೆಯ ಜಾಗದಲ್ಲಿ ಉಳಿಯಿತು, ಎರಡನೆಯದರಿಂದ ಎಲ್ಲ ಚೆದುರಿದವು. ಪಾಳಿಯ ನಡುವೆ ಒಬ್ಬ ತೂರಿದರೆ ಹಿಂದಿನವರೆಲ್ಲ ಒಂದೊಂದು ಜಾಗ ಸರಿಯುತ್ತಾರಲ್ಲ, ಹಾಗೆ. ಬಣ್ಣ ಮುಟ್ಟಿದ್ದಕ್ಕೆ ಜಾಗ ಯಾಕೆ ಬದಲಾಯಿತು ಎಂದು ಮಧ್ಯಾಹ್ನವಿಡೀ ತಲೆ ಕೆರೆದುಕೊಂಡೆ. ಈಗ ಜಾಗಕ್ಕೊಂದು ಪಾಳಿ, ಗಾತ್ರಕ್ಕೊಂದು, ಬಣ್ಣಕ್ಕೊಂದು ಎಂದು ಬೇರೆ ಮಾಡಿ, ಮೂರಕ್ಕೂ ಬೇರೆ ಬೇರೆ ಬೀಜ ಕೊಟ್ಟಿದ್ದೇನೆ. ಬಣ್ಣ ಬೇಕಾದಷ್ಟು ಕೆದಕಿದರೂ ಚಿಕ್ಕಿ ಕದಲುವುದಿಲ್ಲ. ವ್ಯಾಪಾರಿ "ಅದ ಚಿಕ್ಕಿ, ಬ್ಯಾರೆ ಬಣ್ಣ" ಎಂದರೂ ಕೊಡಬಹುದು.

ಪೈಥಾನ್‌ನಲ್ಲಿ ಬಣ್ಣಗಳ ಹೆಸರನ್ನು ಅನುಕ್ರಮ ಹಿಡಿದಿಡದ ಸಂಗ್ರಹವಾದ ಸೆಟ್‌ನಲ್ಲಿ ಇಟ್ಟಿದ್ದೀರಾ? ಪೈಥಾನ್ 3.3ನೇ ಆವೃತ್ತಿಯಿಂದ ಈಚೆಗೆ ಅಕ್ಷರಗಳ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಪ್ರತಿ ಓಟಕ್ಕೂ ಬದಲಾಗುವುದರಿಂದ ಸೆಟ್‌ನೊಳಗಿನ ಅನುಕ್ರಮವೂ ಬದಲಾಗಬಹುದು. ಬೀಜ ಸರಿಯಾಗಿಯೇ "ಮೂರನೇ ಬಣ್ಣ" ಎನ್ನುತ್ತದೆ, ಮೂರನೆಯದು ಮಾತ್ರ ನಿನ್ನೆಯದಲ್ಲ. ಲಿಸ್ಟ್ ಮಾಡಿ, ಇಲ್ಲವೇ ಮೊದಲು ಸಾರ್ಟ್ ಮಾಡಿ. ಹೊಸ ಕಂಪ್ಯೂಟರಿಗೆ ಹೋದಾಗ ಆವೃತ್ತಿಯನ್ನೂ ನೋಡಿ. ಅದೇ ಬೀಜಕ್ಕೆ 0ಯಿಂದ 1ರ ನಡುವಿನ ಮೂಲ ಸಂಖ್ಯೆಗಳು ಬದಲಾಗುವುದಿಲ್ಲ ಎಂದು ಪೈಥಾನ್ ಮಾತು ಕೊಡುತ್ತದೆ. ಪಟ್ಟಿಯಿಂದ ಆರಿಸುವ, ಕಲೆಸುವ ಕೆಲಸಗಳಿಗೆ ಆ ಮಾತಿಲ್ಲ. ಹತ್ತು ವರ್ಷ ಬಾಳಬೇಕಾದ ಡಿಸೈನ್ ಆದರೆ ಮೂಲ ಸಂಖ್ಯೆ ತೆಗೆದುಕೊಂಡು ಆರಿಸುವುದನ್ನು ನೀವೇ ಬರೆದುಕೊಳ್ಳಿ, ನಾಲ್ಕು ಸಾಲಿನ ಕೆಲಸ.

ಪರದೆಯ ಮೇಲೆ ಚಿತ್ರ ಹುಳು ಬಿಟ್ಟಂತೆ ಮಿಸುಕುತ್ತಿದ್ದರೆ ಅದು ಇದರದೇ ಸಣ್ಣ ತಮ್ಮ. ಪಿ5ರಲ್ಲಿ ಚಿತ್ರ ಬಿಡಿಸುವ ಡ್ರಾ ಎಂಬ ಭಾಗ ಸೆಕೆಂಡಿಗೆ 60 ಸಲ ಓಡುತ್ತದೆ, ಪ್ರತಿ ಸಲವೂ ಹೊಸ ಸಂಖ್ಯೆ ಎತ್ತುತ್ತದೆ. ಅದು ಒಮ್ಮೆ ಮಾತ್ರ ಓಡಲೆಂದು ನೋಲೂಪ್ ಹಾಕಿ.

ಒಂದು ಕಡೆ ಗುಂಪು, ಒಂದು ಕಡೆ ಬೋಳು

ಮೊದಲ ಸಲ ರ‍್ಯಾಂಡಮ್ ಚಿಕ್ಕಿಯ ಸೀರೆ ನೇಯ್ದು ಹೊರತೆಗೆದಾಗ ನಮ್ಮ ಕಾಕಾ ಅದನ್ನು ಬೆಳಕಿಗೆ ಹಿಡಿದು ಕೇಳಿದ್ದು ಇಷ್ಟು: "ತಮ್ಮಾ, ಇಲ್ಲಿ ಯಾಕ ಬೋಳ ಆಗೇತಿ, ಅಲ್ಲಿ ಯಾಕ ಇರಿವಿ ಮುತ್ತಿದಂಗ ಆಗೇತಿ?" ಪ್ರೋಗ್ರಾಮ್ ತಪ್ಪಿದೆ ಎಂದೇ ನಾನೂ ತಿಳಿದೆ. ಎರಡು ದಿನ ಹುಡುಕಿದೆ. ತಪ್ಪಿರಲಿಲ್ಲ.

ಲೆಕ್ಕ ಹಾಕಿ ನೋಡಿ. ಹತ್ತು ಅಡ್ಡ, ಹತ್ತು ಉದ್ದ, ನೂರು ಮನೆಯ ಗ್ರಾಫ್. ಅದರ ಮೇಲೆ ನೂರು ಚಿಕ್ಕಿಯನ್ನು ಕಣ್ಣು ಕಟ್ಟಿಕೊಂಡು ಎಸೆದರೆ ಮನೆಗೊಂದು ಬೀಳುತ್ತದೆ ಎಂದು ಮನಸ್ಸು ಹೇಳುತ್ತದೆ. ಆದರೆ ಯಾವುದೇ ಒಂದು ಮನೆಗೆ ಒಂದೂ ಬೀಳದಿರುವ ಸಾಧ್ಯತೆ 0.99ರ ನೂರನೇ ಘಾತ, ಅಂದರೆ ಸುಮಾರು 0.37. ಹೀಗಾಗಿ ಸರಾಸರಿ 37 ಮನೆ ಖಾಲಿ. ಇನ್ನು 37ರಲ್ಲಿ ಒಂದೊಂದು, 18–19ರಲ್ಲಿ ಎರಡೆರಡು, ಉಳಿದ ಏಳೆಂಟು ಮನೆಯಲ್ಲಿ ಮೂರು ಮೂರು, ನಾಲ್ಕು ನಾಲ್ಕು. ನಿಜವಾದ ರ‍್ಯಾಂಡಮ್ ಇರುವುದೇ ಹೀಗೆ. ಕೈಯಲ್ಲಿ ಪೆನ್ಸಿಲ್ ಕೊಟ್ಟು "ಅಡ್ಡಾದಿಡ್ಡಿ ಚುಕ್ಕಿ ಇಡ್ರಿ" ಎಂದು ಯಾರಿಗಾದರೂ ಹೇಳಿ ನೋಡಿ, ಅವರು ಒಂದು ಚುಕ್ಕಿಯ ಪಕ್ಕದಲ್ಲೇ ಇನ್ನೊಂದು ಇಡುವುದೇ ಇಲ್ಲ. ಕಣ್ಣಿಗೆ ಬೇಕಾದದ್ದು ಆ ಚುಕ್ಕಿಗಳು. ಕಂಪ್ಯೂಟರ್ ಕೊಡುವುದು ಬೇರೆ.

ಹೊಲಕ್ಕೆ ಹೋದವರಿಗೆ ಇದು ಹೊಸದಲ್ಲ. ಕೈಯಿಂದ ಚೆಲ್ಲಿ ಬಿತ್ತಿದ ಹೊಲದಲ್ಲಿ ಒಂದು ಕಡೆ ಸಸಿ ಒತ್ತಾಗಿ, ಒಂದು ಕಡೆ ಬಯಲಾಗಿ ಬರುತ್ತದೆ. ಎರೆಹೊಲದಲ್ಲಿ ಜೋಳ ಬಿತ್ತುವಾಗ ಕೂರಿಗೆ ಹೂಡುತ್ತಾರೆ: ಸಾಲು ನೇರ, ಆದರೆ ಸಾಲಿನೊಳಗೆ ಕಾಳು ಬೀಳುವ ಅಂತರ ಕೈಯ ಹದದಂತೆ ಹೆಚ್ಚುಕಡಿಮೆ. ಚಿಕ್ಕಿಗೂ ನಾನು ಮೊದಲು ಮಾಡಿದ ಮದ್ದು ಅದೇ. ಮನೆಗೊಂದು ಚಿಕ್ಕಿ ಇಟ್ಟು, ಇಟ್ಟ ಜಾಗದಿಂದ ಅತ್ತಿತ್ತ ಸ್ವಲ್ಪ ಕದಲಿಸುವುದು. ಮನೆಯ ಅಗಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕದಲಿಸದಿದ್ದರೆ ಪಕ್ಕದ ಎರಡು ಚಿಕ್ಕಿ ಎಷ್ಟೇ ಹತ್ತಿರ ಬಂದರೂ ನಡುವೆ ಮೂರನೇ ಒಂದು ಭಾಗ ಉಳಿಯುತ್ತದೆ. ತೀರ ಕಡಿಮೆ ಕದಲಿಸಿದರೆ ಕೂರಿಗೆ ಸಾಲು ಎದ್ದು ಕಾಣುತ್ತದೆ, ದೂರದಿಂದ ನೋಡಿದರೆ ಇನ್ನೂ ಹೆಚ್ಚು.

ಸಾಲು ಕಾಣಬಾರದು, ಗುಂಪೂ ಆಗಬಾರದು ಎಂದರೆ ಇನ್ನೆರಡು ಹಾದಿ ಇವೆ. ಒಂದು, ಹೊಸ ಚಿಕ್ಕಿ ಯಾವ ಹಳೆಯ ಚಿಕ್ಕಿಗೂ ಇಂತಿಷ್ಟಕ್ಕಿಂತ ಹತ್ತಿರ ಬಂದರೆ ಅದನ್ನು ಬಿಸಾಕುವುದು. ಇದಕ್ಕೆ ಪಾಯ್ಸನ್ ಡಿಸ್ಕ್ ಎಂದು ಹೆಸರು. ರಾಬರ್ಟ್ ಬ್ರಿಡ್ಸನ್ 2007ರಲ್ಲಿ ಇದಕ್ಕೊಂದು ವೇಗದ ದಾರಿ ಕೊಟ್ಟರು. ಇದ್ದ ಚಿಕ್ಕಿಯ ಸುತ್ತಲೇ 30ರಷ್ಟು ಸಲ ಜಾಗ ಹುಡುಕಿ, ಸಿಗದಿದ್ದರೆ ಆ ಚಿಕ್ಕಿಯ ಸುತ್ತ ತುಂಬಿತು ಎಂದು ಬಿಟ್ಟುಬಿಡುವುದು. ಇನ್ನೊಂದು ಡಾನ್ ಮಿಚೆಲ್ 1991ರಲ್ಲಿ ಹೇಳಿದ್ದು: ಪ್ರತಿ ಚಿಕ್ಕಿಗೂ ಹತ್ತು ಜಾಗ ರ‍್ಯಾಂಡಮ್ ಆಗಿ ಎತ್ತಿ, ಇದ್ದವುಗಳಿಂದ ಅತಿ ದೂರದ್ದನ್ನು ಇಟ್ಟುಕೊಳ್ಳುವುದು. ಹೆಣ್ಣು ನೋಡಲು ಹೋದವರು ಹತ್ತು ಮನೆ ನೋಡಿ ಒಂದು ಒಪ್ಪಿದಂತೆ. ನಿಧಾನ, ಆದರೆ ಬರೆಯಲು ಸಲೀಸು. ನನ್ನ ಕೆಲಸ ಇದರಲ್ಲೇ ನಡೆಯುತ್ತಿದೆ.

ಮದ್ದು ಮಾಡಿದ ಮೇಲೂ ಒಡಲಿನ ಉದ್ದಕ್ಕೂ ನಾಲ್ಕು ಕಡೆ ಚಿಕ್ಕಿ ಒತ್ತಾದ ಗೆರೆ ಕಂಡರೆ, ರಿಪೀಟ್ ನೋಡಿ. ನಮ್ಮ ಮಗ್ಗದಲ್ಲಿ 480 ಹುಕ್ಕು (ಹಾಸಿನ ಎಳೆ ಎತ್ತುವ ಕೊಕ್ಕೆ), ಅದೇ ಡಿಸೈನ್ ಅಡ್ಡಕ್ಕೆ ನಾಲ್ಕು ಸಲ ಬರುತ್ತದೆ. ಗ್ರಾಫಿನ ಬಲ ಅಂಚಿನ ಚಿಕ್ಕಿಗೂ ಎಡ ಅಂಚಿನ ಚಿಕ್ಕಿಗೂ ಪರದೆಯ ಮೇಲೆ ಹಾದಿ ದೂರ, ಬಟ್ಟೆಯ ಮೇಲೆ ಅವು ಅಕ್ಕಪಕ್ಕ. ದೂರ ಅಳೆಯುವಾಗ 479ನೇ ಮನೆ ದಾಟಿದರೆ ಮತ್ತೆ 0 ಎಂದು ಸುತ್ತಿಸಿ ಅಳೆಯಬೇಕು. ಬಳೆಯ ಮೇಲೆ ಅಳೆದಂತೆ.

ನಾಯ್ಸ್ ಹಾಕಿದರೆ ಬೂದಿ ಬಣ್ಣ, ಇಲ್ಲವೇ ಕನ್ನಡಿ

ಮೋಡ, ನೀರಿನ ಅಲೆ, ಮಣ್ಣಿನ ಮೈ ಬೇಕಾದಾಗ ಬಿಡಿ ರ‍್ಯಾಂಡಮ್ ಕೆಲಸಕ್ಕೆ ಬರುವುದಿಲ್ಲ, ಪಕ್ಕದ ಮನೆಗೆ ಪಕ್ಕದ್ದರ ನೆನಪಿರಬೇಕು. ಅದಕ್ಕೆ ಕೆನ್ ಪರ್ಲಿನ್ ಮಾಡಿಕೊಟ್ಟ ನಾಯ್ಸ್ ಇದೆ. 1985ರಲ್ಲಿ ಪ್ರಕಟಿಸಿದರು, 1997ರಲ್ಲಿ ಅದಕ್ಕೆ ತಾಂತ್ರಿಕ ವಿಭಾಗದ ಆಸ್ಕರ್ ಬಂತು.

ಎಲ್ಲ ಕಡೆ ಒಂದೇ ಬಣ್ಣ ಬಂದರೆ ನೀವು ಪೂರ್ಣಾಂಕ ಕೊಡುತ್ತಿದ್ದೀರಿ. ಪರ್ಲಿನ್ ನಾಯ್ಸ್‌ನ ಬೆಲೆ 1, 2, 3ರಂಥ ಬಿಂದುಗಳಲ್ಲೆಲ್ಲ ಸೊನ್ನೆ. ಪಿ5ರದು ಒಳಗೆ ಬೇರೆ ಥರ, ಅಲ್ಲಿ ಪೂರ್ಣಾಂಕ ಕೊಟ್ಟರೆ ಟಿವಿಯ ಮೇಲಿನ ಚುಕ್ಕಿಗಳಂತೆ ಕಿರಿಕಿರಿ ಬರುತ್ತದೆ. ಎರಡಕ್ಕೂ ಮದ್ದು ಒಂದೇ, ಹೆಜ್ಜೆ ಸಣ್ಣದು ಮಾಡಿ: 0.005ರಿಂದ 0.03. ಚಿತ್ರ ಸರಿಯಿದ್ದೂ ಮಂಕಾಗಿದ್ದರೆ, ನಾಯ್ಸ್‌ನ ಬೆಲೆಗಳು ನಡುವೆಯೇ ಗುಂಪಾಗುತ್ತವೆ, 0 ಮತ್ತು 1ರ ಹತ್ತಿರ ಹೋಗುವುದೇ ಅಪರೂಪ. ಬಂದ ಬೆಲೆಗಳಲ್ಲಿ ಕಡಿಮೆಯದು ಹೆಚ್ಚಿನದು ನೋಡಿ ಎಳೆದು ಹಿಗ್ಗಿಸಿ. ಇನ್ನು ಚಿತ್ರದ ಎಡಬಲ ಕನ್ನಡಿಯಲ್ಲಿ ಕಂಡಂತೆ ಒಂದೇ ಇದ್ದರೆ, ನೀವು ಸೊನ್ನೆಯನ್ನು ಚಿತ್ರದ ನಡುವೆ ಇಟ್ಟಿದ್ದೀರಿ. ಪಿ5ರ ನಾಯ್ಸ್ ಋಣ ಸಂಖ್ಯೆಯನ್ನು ಧನ ಮಾಡಿಕೊಂಡು ಓದುತ್ತದೆ, ಹಾಗಾಗಿ -3ಕ್ಕೂ 3ಕ್ಕೂ ಉತ್ತರ ಒಂದೇ. ಎಲ್ಲದಕ್ಕೂ 10000 ಕೂಡಿಸಿ ಬಿಡಿ. ನಾನು ಇದನ್ನು ಮೊದಲು ನೋಡಿದಾಗ ಎಂಥ ಚಂದದ ಸಮ್ಮಿತಿ ಎಂದು ಖುಷಿಪಟ್ಟು ಎರಡು ಖಣದ ಡಿಸೈನ್ ಮಾಡಿದ್ದೆ, ಸುಳ್ಳೇಕೆ.

ಬೇಡದ ಪಟ್ಟೆ, ಬೇಡದ ಚೌಕಡಿ

ಹಳೆಯ ಸಿ ಪ್ರೋಗ್ರಾಮ್, ಇಲ್ಲವೇ ಯಾರೋ ಕೈಯಾರೆ ಬರೆದ ಸಣ್ಣ ಜನರೇಟರ್ ಇದ್ದಾಗ ಬರುವ ದೋಷ. ಒಂದು ಸಂಖ್ಯೆಗೆ ಗುಣಿಸು, ಕೂಡಿಸು, ದೊಡ್ಡದೊಂದರಿಂದ ಭಾಗಿಸಿ ಶೇಷ ಇಟ್ಟುಕೋ ಎಂಬ ವಿಧಾನ ಅದು. ಭಾಗಿಸುವ ಸಂಖ್ಯೆ ಎರಡರ ಘಾತವಾಗಿದ್ದು, ಗುಣಿಸುವುದೂ ಕೂಡಿಸುವುದೂ ಬೆಸವಾಗಿದ್ದರೆ ಬರುವ ಸಂಖ್ಯೆಗಳು ಸಮ, ಬೆಸ, ಸಮ, ಬೆಸ ಎಂದು ತಪ್ಪದೆ ಅದಲುಬದಲಾಗುತ್ತವೆ. ಈಗ ನೀವು "ಸಮವಾದರೆ ಕೆಂಪು, ಬೆಸವಾದರೆ ಕಪ್ಪು" ಎಂದರೆ ಏನಾಗುತ್ತದೆ? ಗ್ರಾಫಿನ ಅಗಲ ಸಮಸಂಖ್ಯೆಯಾಗಿದ್ದರೆ ಪ್ರತಿ ಸಾಲೂ ಅದೇ ಬಣ್ಣದಿಂದ ಹೊರಟು ಉದ್ದ ಪಟ್ಟೆ ಬೀಳುತ್ತದೆ. ಅಗಲ ಬೆಸವಾಗಿದ್ದರೆ ಸಾಲು ಬಿಟ್ಟು ಸಾಲು ಬಣ್ಣ ತಿರುಗಿ ಅಪ್ಪಟ ಚೌಕಡಿ ಬರುತ್ತದೆ. ಅಗಲಕ್ಕೆ ಒಂದು ಮನೆ ಕೂಡಿಸಿದಾಗ ಪಟ್ಟೆ ಹೋಗಿ ಚೌಕಡಿ ಬಂತೆಂದರೆ ಕಳ್ಳ ಸಿಕ್ಕ. ಸಂಖ್ಯೆಯ ಬಾಲ ನಂಬಬೇಡಿ, ತಲೆ ನೋಡಿ: ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಕೇಳಿ.

ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. 1960ರ ದಶಕದಲ್ಲಿ ಐಬಿಎಂ ಯಂತ್ರಗಳಲ್ಲಿ ಓಡುತ್ತಿದ್ದ ರಾಂಡು ಎಂಬ ಜನರೇಟರ್ 65539ರಿಂದ ಗುಣಿಸಿ 2ರ 31ನೇ ಘಾತದಿಂದ ಭಾಗಿಸುತ್ತಿತ್ತು. ಮೂರು ಮೂರು ಸಂಖ್ಯೆ ಎತ್ತಿ ಅಡ್ಡ, ಉದ್ದ, ಎತ್ತರ ಎಂದು ಚುಕ್ಕಿ ಇಟ್ಟರೆ ಎಲ್ಲ ಚುಕ್ಕಿಯೂ 15 ಸಮತಲಗಳ ಮೇಲೆ, ಅಟ್ಟಣಿಗೆ ಜೋಡಿಸಿದಂತೆ ಕೂರುತ್ತವೆ. ಈ ಜಾತಿಯ ಎಲ್ಲ ಜನರೇಟರ್‌ಗಳಿಗೂ ಇಂಥ ಸಮತಲಗಳ ಕಾಟ ಇದೆ ಎಂದು ಜಾರ್ಜ್ ಮಾರ್ಸಾಗ್ಲಿಯಾ 1968ರಲ್ಲಿ ತೋರಿಸಿದರು. ಕ್ರೋಮ್ ಬ್ರೌಸರಿನ ವಿ8 ಎಂಜಿನ್ ಕೂಡ ಮ್ಯಾತ್.ರ‍್ಯಾಂಡಮ್‌ನ ಹಳೆಯ ವಿಧಾನ ಬಿಟ್ಟು ಹೊಸದಕ್ಕೆ ಬಂದದ್ದು 2015ರ ಕೊನೆಯಲ್ಲಿ. ಸಂಖ್ಯೆಗಳ ಪಟ್ಟಿ ಓದಿದರೆ ಇವೆಲ್ಲ ಕಾಣುವುದಿಲ್ಲ, ಚಿತ್ರ ಬಿಡಿಸಿದರೆ ಕಾಣುತ್ತವೆ. ಅನುಮಾನ ಬಂದಾಗ ಬರೀ ಕಪ್ಪುಬಿಳಿ ಮನೆಗಳ ಚಿತ್ರ ತೆಗೆದು ಎರಡು ಮಾರು ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ.

ಒಂದು ಬಣ್ಣ ಕಡಿಮೆ, ನಡುವೆ ಒತ್ತು: ಲೆಕ್ಕದ ತಪ್ಪುಗಳು

ನಾಲ್ಕು ಬಣ್ಣವಿದೆ, ಮೊದಲನೆಯದೂ ಕೊನೆಯದೂ ಅರ್ಧಕ್ಕರ್ಧ ಕಡಿಮೆ ಬರುತ್ತಿವೆಯೇ? 0ಯಿಂದ 3ರ ನಡುವಿನ ಸಂಖ್ಯೆ ಎತ್ತಿ ಹತ್ತಿರದ ಪೂರ್ಣಾಂಕಕ್ಕೆ ಸರಿಸಿದ್ದೀರಿ. 0 ಆಗಲು 0.5ರ ಒಳಗೆ ಬೀಳಬೇಕು, 1 ಆಗಲು 0.5ರಿಂದ 1.5ರವರೆಗೆ ಅವಕಾಶ. ಕೊನೆಯವರಿಗೆ ಅರ್ಧ ಮನೆ, ನಡುವಿನವರಿಗೆ ಇಡೀ ಮನೆ. 4ರಿಂದ ಗುಣಿಸಿ ದಶಮಾಂಶ ಕತ್ತರಿಸಿ ಹಾಕಿ.

ವೃತ್ತದೊಳಗೆ ಚೆಲ್ಲಿದ ಚುಕ್ಕಿ ನಡುವೆ ರಾಶಿ ಬಿದ್ದರೆ, ತ್ರಿಜ್ಯವನ್ನು ನೇರ ರ‍್ಯಾಂಡಮ್ ಎತ್ತಿದ್ದೀರಿ. ಅರ್ಧ ತ್ರಿಜ್ಯದ ಒಳವೃತ್ತದ ಕ್ಷೇತ್ರ ಇಡೀ ವೃತ್ತದ ಕಾಲು ಭಾಗ, ಆದರೆ ಅರ್ಧ ಚುಕ್ಕಿ ಅಲ್ಲೇ ಬೀಳುತ್ತವೆ. 0ಯಿಂದ 1ರ ಸಂಖ್ಯೆಯ ವರ್ಗಮೂಲ ತೆಗೆದು ಆಮೇಲೆ ತ್ರಿಜ್ಯದಿಂದ ಗುಣಿಸಿ.

ಗಾತ್ರಗಳೆಲ್ಲ ಮಧ್ಯಮ, ತೀರ ಸಣ್ಣದೂ ಇಲ್ಲ ದೊಡ್ಡದೂ ಇಲ್ಲ ಎಂದಾದರೆ ಹಲವು ರ‍್ಯಾಂಡಮ್ ಕೂಡಿಸಿದ್ದೀರಿ. ಚೌಕಾಬಾರ ಆಡಿದವರಿಗೆ ಗೊತ್ತು: ನಾಲ್ಕು ಕವಡೆಯಲ್ಲಿ ಎರಡು ಮೇಲೆ ಎರಡು ಕೆಳಗೆ ಬೀಳುವುದು ಸಾಮಾನ್ಯ, ನಾಲ್ಕೂ ಬಾಯಿಬಿಟ್ಟು ಬಿದ್ದರೆ ಮನೆಯೆಲ್ಲ ಕೂಗು. ಕವಡೆ ನ್ಯಾಯವಾಗಿದ್ದರೆ 16 ರೀತಿಯಲ್ಲಿ ಎರಡು ಬೀಳುವುದಕ್ಕೆ 6 ದಾರಿ, ನಾಲ್ಕು ಬೀಳುವುದಕ್ಕೆ 1. ಇದು ಯಾವಾಗಲೂ ದೋಷವಲ್ಲ. ಎಲೆ, ಹೂ ಬಿಡಿಸುವಾಗ ನಾನು ಬೇಕೆಂದೇ ಹೀಗೆ ಕೂಡಿಸುತ್ತೇನೆ.

ಬಣ್ಣದ ಪಟ್ಟಿ ಕಲೆಸುವಾಗ ಪ್ರತಿಯೊಂದನ್ನೂ ಯಾವುದೋ ಒಂದರ ಜೊತೆ ಅದಲುಬದಲು ಮಾಡುವವರಿದ್ದಾರೆ. ಮೂರು ಬಣ್ಣಕ್ಕೆ ಹೀಗೆ 27 ದಾರಿ, ಆದರೆ ಅನುಕ್ರಮ ಆರೇ. 27 ಆರಕ್ಕೆ ಸಮ ಹಂಚುವುದಿಲ್ಲ. ಫಿಶರ್ ಮತ್ತು ಯೇಟ್ಸ್ 1938ರಲ್ಲೇ ಸರಿಯಾದ ದಾರಿ ಹಾಕಿಕೊಟ್ಟಿದ್ದಾರೆ, ಹೆಚ್ಚಿನ ಭಾಷೆಗಳ ಲೈಬ್ರರಿಯಲ್ಲಿ ಸಿಗುತ್ತದೆ.

ಎಲ್ಲ ಕಲಸುಮೇಲೋಗರ

ಲೆಕ್ಕವೆಲ್ಲ ಸರಿ, ಆದರೂ ನೋಡಲು ಹೊಲಸು. ಇದಕ್ಕೆ ಕಾರಣ ಒಂದೇ, ರ‍್ಯಾಂಡಮ್ ಜಾಸ್ತಿಯಾಗಿದೆ. ಜರ್ಮನಿಯ ಗೇಯಾರ್ಗ್ ನೇಸ್ 1968ರಲ್ಲಿ ಮಾಡಿದ "ಶಾಟರ್", ಅಂದರೆ ಜಲ್ಲಿಕಲ್ಲು, ಎಂಬ ಚಿತ್ರ ಸಿಕ್ಕರೆ ನೋಡಿ. ಅಡ್ಡಕ್ಕೆ 12, ಉದ್ದಕ್ಕೆ 22 ಸಾಲು ಚೌಕ. ಮೇಲಿನ ಸಾಲು ಸಿಪಾಯಿಗಳಂತೆ ನೆಟ್ಟಗೆ, ಕೆಳಗೆ ಬಂದಂತೆ ವಾಲುತ್ತ, ಜಾರುತ್ತ, ಕೊನೆಗೆ ಲಾರಿಯಿಂದ ಸುರಿದ ಜಲ್ಲಿ. ರ‍್ಯಾಂಡಮ್‌ನ ಅಳತೆಯನ್ನು ಸಾಲಿನಿಂದ ಸಾಲಿಗೆ ಏರಿಸಿದ್ದೇ ಅಲ್ಲಿಯ ಕೈಚಳಕ. 1968ರಿಂದ ಕಂಪ್ಯೂಟರಿನಲ್ಲಿ ಚಿತ್ರ ಮಾಡಿದ ವೆರಾ ಮೊಲ್ನಾರ್ ಶೇ. 1ರಷ್ಟು ಅವ್ಯವಸ್ಥೆ ಎಂಬ ಲೆಕ್ಕ ಇಟ್ಟು ಕೆಲಸ ಮಾಡಿದವರು. ಹೀಗಾಗಿ ಎಲ್ಲ ರ‍್ಯಾಂಡಮ್ ಅಳತೆಯನ್ನೂ ಒಂದೇ ಗುಂಡಿಗೆ ಕಟ್ಟಿ, ಸೊನ್ನೆಗೆ ಇಳಿಸಿ, ನಿಧಾನ ಏರಿಸುತ್ತ ಬನ್ನಿ. ಕೆಟ್ಟಿತು ಅನ್ನಿಸಿದ ಕಡೆಯಿಂದ ಅರ್ಧಕ್ಕೆ ಇಳಿಸಿ.

ನಮ್ಮಲ್ಲಿ ಕಾಕಾನ ಕಟ್ಟಪ್ಪಣೆ ಬೇರೆ ಇದೆ. ಇಳಕಲ್ ಬಗೆಯ ಸೀರೆ ಮಾಡುವಾಗ ನಾನು ಒಮ್ಮೆ ಸೆರಗಿನಲ್ಲೂ ಸ್ವಲ್ಪ ಅಲುಗಾಡಿಸಿದ್ದೆ. "ಒಡಲಾಗ ಏನರ ಮಾಡ್ಕೋ. ದಡಿಗೆ, ಸೆರಗಿಗೆ ಕೈ ಹಚ್ಚಬ್ಯಾಡ" ಎಂದರು. ಅವರೆಂದದ್ದು ಸಂಪ್ರದಾಯದ ಮಾತು. ಆದರೆ ದಡಿ, ಅಂದರೆ ಅಂಚು, ನೆಟ್ಟಗಿದ್ದಾಗಲೇ ಒಡಲಿನ ಚಿಕ್ಕಿ ಚೆಲ್ಲಿದಂತೆ ಕಾಣುತ್ತದೆ, ದಡಿಯೂ ಅಲುಗಿದರೆ ನೇಯುವವನ ಕೈ ತಪ್ಪಿದೆ ಎಂದು ಕಾಣುತ್ತದೆ.

ಪರದೆಯಲ್ಲಿ ಸರಿ, ಬಟ್ಟೆಯಲ್ಲಿ ತಪ್ಪು

ಗ್ರಾಫಿನ ಪ್ರತಿ ಮನೆ ಬಟ್ಟೆಯಲ್ಲಿ ಹಾಸು ಹೊಕ್ಕು ಕೂಡುವ ಒಂದು ಜಾಗ. ಮಳೆಹನಿಯ ಥರ ಇರಲೆಂದು ಒಮ್ಮೆ ಪ್ರತಿ ಮನೆಗೂ ನಾಣ್ಯ ಚಿಮ್ಮಿದಂತೆ ಕಪ್ಪೋ ಬಿಳಿಯೋ ಹಾಕಿದೆ. ಬಟ್ಟೆ ಬಂದಾಗ ಬಳೆಗೆ ಸಿಕ್ಕಿಕೊಳ್ಳುವಷ್ಟು ಎಳೆ ಎದ್ದಿದ್ದವು. 480 ಮನೆಯ ಒಂದು ಸಾಲಿನಲ್ಲಿ ಹತ್ತು ಅಥವಾ ಹೆಚ್ಚು ಮನೆ ಒಂದೇ ಬಣ್ಣ ಸತತವಾಗಿ ಬರುವ ಸರಾಸರಿ 480 ಭಾಗಿಸು 1024, ಅಂದರೆ ಹೆಚ್ಚುಕಡಿಮೆ ಎರಡು ಸಾಲಿಗೊಂದು. ಅಷ್ಟು ದೂರ ಎಳೆ ಎಲ್ಲೂ ಕಟ್ಟುಬೀಳದೆ ತೇಲುತ್ತದೆ. ಈಗ ಐದು ಮನೆ ಸತತ ಆದರೆ ಆರನೆಯದನ್ನು ಪ್ರೋಗ್ರಾಮ್ ತಾನೇ ತಿರುಗಿಸುತ್ತದೆ. ಅಡ್ಡಕ್ಕೂ ನೋಡಬೇಕು, ಉದ್ದಕ್ಕೂ ನೋಡಬೇಕು.

ಕೊನೆಯ ದೋಷ ಹೋದ ಬೇಸಿಗೆಯದು. 4127ನೇ ಬೀಜದ ಸೀರೆಯಲ್ಲಿ ಅಲ್ಲೊಂದು ಇಲ್ಲೊಂದು ಚಿಕ್ಕಿ ಸೀಳಿದಂತೆ ಕಂಡಿತು, ಒಂದು ಎಳೆಯಷ್ಟು ಸಣ್ಣ ಸೀಳು. ಒಂದರಲ್ಲಿ ಎಡಕ್ಕೆ, ಒಂದರಲ್ಲಿ ನಡುವೆ, ಹೆಚ್ಚಿನವುಗಳಲ್ಲಿ ಇಲ್ಲವೇ ಇಲ್ಲ. ಚಿಕ್ಕಿ ಬಿಡಿಸುವ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದುಕೊಂಡೆ. ಬೀಜ ಬದಲಿಸಿದೆ, ಬೇರೆ ಚಿಕ್ಕಿ ಸೀಳಿದವು. ಹಾಗಾದರೆ ಹಂಚಿಕೆಯದೇ ದೋಷ ಎಂದು ಮತ್ತೆರಡು ದಿನ ಕಳೆದೆ. ಪರದೆಯ ಮೇಲಿನ ಚಿತ್ರದಲ್ಲಿ ಸೀಳು ಇಲ್ಲ ಎಂಬುದನ್ನು ಮೊದಲ ದಿನವೇ ನೋಡಬೇಕಿತ್ತು, ನೋಡಿರಲಿಲ್ಲ.

ಕಾಕಾ ಸೀರೆಯನ್ನು ನೆಲಕ್ಕೆ ಹಾಸಿ, ಒಂದು ತುದಿಯಲ್ಲಿ ನನ್ನನ್ನು ಕೂರಿಸಿ, ಬಿಳಿ ದಾರವೊಂದನ್ನು ಉದ್ದಕ್ಕೂ ಬಿಗಿಯಾಗಿ ಎಳೆದು ಹಿಡಿದರು. ಮೊದಲ ಸೀಳಿನ ಮೇಲೆ ದಾರ ಇಟ್ಟರೆ ಉಳಿದ ಸೀಳುಗಳೂ ಅದರ ಕೆಳಗೇ ಸಾಲಾಗಿ ಕೂತಿದ್ದವು. ನೆಲದ ನೇಯ್ಗೆ ಬೇರೆ, ಚಿಕ್ಕಿ ಎತ್ತುವುದು ಮಾತ್ರ ಜಕಾರ್ಡು, ಹಾಗಾಗಿ ಚಿಕ್ಕಿ ಬಿದ್ದ ಕಡೆ ಮಾತ್ರ ಆ ಗೆರೆ ಕಾಣುತ್ತಿತ್ತು. ಬುಟ್ಟಾ ಸಾಲಾಗಿ ಇದ್ದಿದ್ದರೆ ಪ್ರತಿ ಬುಟ್ಟಾದಲ್ಲೂ ಅದೇ ಜಾಗ ಕತ್ತರಿಸಿ ಮೊದಲ ಗಜದಲ್ಲೇ ಸಿಕ್ಕಿಬೀಳುತ್ತಿತ್ತು. ರ‍್ಯಾಂಡಮ್ ಚಿಕ್ಕಿ ಅದನ್ನು ಮರೆಮಾಡಿತ್ತು. ಕಾಕಾ ದಾರವನ್ನು ಒಂದು ರಿಪೀಟ್‌ನಷ್ಟು ಪಕ್ಕಕ್ಕೆ ಸರಿಸಿದರು, ಅಲ್ಲೂ ಸೀಳು. ಮೂರನೆಯದರಲ್ಲೂ, ನಾಲ್ಕನೆಯದರಲ್ಲೂ. ಒಂದೇ ಕಡೆ ಇದ್ದಿದ್ದರೆ ಹುಕ್ಕಿನಿಂದ ಎಳೆಗೆ ಇಳಿಯುವ ಹುರಿ ಹರಿದಿರಬೇಕು. ನಾಲ್ಕೂ ಕಡೆ ಅಂದರೆ ಆ ನಾಲ್ಕು ಹುರಿ ಕಟ್ಟಿದ ಹುಕ್ಕೇ ಏಳುತ್ತಿಲ್ಲ. ಎಣಿಸಿದರೆ ಎಡದಿಂದ 211ನೆಯದು.

ಹುಕ್ಕು ಬದಲಿಸಿ, 4127ನ್ನೇ ಮತ್ತೆ ಹಾಕಿ ಎರಡು ಗಜ ನೇಯ್ದೆವು. ಕಾಕಾ ಅದೇ ಬಿಳಿ ದಾರ ತಂದು ಒಂದು ತುದಿ ನನ್ನ ಕೈಗೆ ಕೊಟ್ಟರು.